ಸಮುದ್ರವಿಲ್ಲದ ಊರಿನ ಕಡಲ ಜೀವಿಗಳು

ಚನ್ನಗಿರಿಯಲ್ಲಿ ಸಮುದ್ರವಿಲ್ಲ. ಬಸ್ ನಿಲ್ದಾಣದ ಹಿಂದಿನ ಹಳೆಯ ಅಡಿಕೆ ಗೋದಾಮಿನಲ್ಲಿರುವ ಕಡಲ ಜೀವಿ ಲಕ್ಷಣ ದೃಢೀಕರಣ ಘಟಕವು ಈ ಸಂಗತಿಯನ್ನು ಯಾವತ್ತೂ ನಿರಾಕರಿಸಿಲ್ಲ. ಕರಾವಳಿಯ ತಾಲ್ಲೂಕುಗಳೆಲ್ಲ ಘಟಕ ತಮಗೇ ಬೇಕೆಂದು ಕಿತ್ತಾಡಿದ್ದರಿಂದ, ಸಮುದ್ರದ ವಿಷಯದಲ್ಲಿ ಯಾವುದೇ ಪಕ್ಷಪಾತವಿಲ್ಲದ ಊರೊಂದರಲ್ಲಿ ಅದನ್ನು ಸ್ಥಾಪಿಸಬೇಕೆಂದು ಮೇಲಿನವರು ತೀರ್ಮಾನಿಸಿದರು. ಚನ್ನಗಿರಿಗೆ ಆ ಅರ್ಹತೆ ಸಂಪೂರ್ಣವಾಗಿ ಇತ್ತು.

ಘಟಕದಲ್ಲಿ ನಾಲ್ಕು ಮಂದಿ: ಅಧಿಕಾರಿ ರುದ್ರಮುನಿ, ಟೈಪಿಸ್ಟ್ ಸಂಧ್ಯಾರಾಣಿ, ಜವಾನ ಪಾಲಣ್ಣ ಮತ್ತು ಗುಮಾಸ್ತ ಖಲೀಲ್. ಆರು ವರ್ಷಗಳಲ್ಲಿ ಒಂದೇ ಒಂದು ಪ್ರಾಣಿಯೂ ದೃಢೀಕರಣಕ್ಕೆ ಬಂದಿರಲಿಲ್ಲ. ಬಂದರೆ ಪರದಾಡುವಂತಾಗಬಾರದೆಂದು ಖಲೀಲ್ ದಿನಾ ಬೆಳಿಗ್ಗೆ ರಿಜಿಸ್ಟರಿಗೆ ಗೆರೆ ಎಳೆದು ದಿನಾಂಕ ಹಾಕಿಡುತ್ತಿದ್ದ. ಘಟಕದಲ್ಲಿ ನಡೆಯುತ್ತಿದ್ದ ಕೆಲಸವೆಂದರೆ ಅದೊಂದೇ. ಮಾಡುತ್ತಿದ್ದವನೂ ಅವನೊಬ್ಬನೇ.

ಅವನೂ ಸಮುದ್ರ ನೋಡಿದವನಲ್ಲ. ಒಮ್ಮೆ ಜೋರು ಗಾಳಿಯ ದಿನ ಸೂಳೆಕೆರೆಯ ಏರಿಯ ಮೇಲೆ ನಿಂತು, ಇದಕ್ಕಿಂತ ಸ್ವಲ್ಪ ದೊಡ್ಡದಿರಬಹುದು ಅಂದುಕೊಂಡು, ಚಪ್ಪಲಿ ಒದ್ದೆ ಮಾಡಿಕೊಂಡು ವಾಪಸ್ ಬಂದಿದ್ದ. ನೌಕರಿ ಸಿಗುವ ಮೊದಲು ಅವನು ಅಡಿಕೆ ಮಂಡಿಯಲ್ಲಿ ದರ್ಜೆ ಹೇಳುವವನಾಗಿದ್ದ. ಮೂಟೆಯೊಳಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಒಂದನ್ನು ಕಚ್ಚಿ, ಇದು ರಾಶಿ, ಇದು ಬೆಟ್ಟೆ ಎಂದು ಹೇಳಿಬಿಡುವುದು ಅವನ ಕಸುಬು. ಆ ಮಂಡಿಯಲ್ಲಿ ಎರಡು ಕಟ್ಟಳೆ ಇದ್ದವು. ಬಂದ ಮೂಟೆ ದರ್ಜೆಯಿಲ್ಲದೆ ವಾಪಸ್ ಹೋಗಕೂಡದು. ತನ್ನ ಮೂಟೆಗೆ ತಾನೇ ದರ್ಜೆ ಹೇಳಕೂಡದು. ಮಂಡಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಖಲೀಲ್ ಇವೆರಡನ್ನೂ ಬಿಟ್ಟಿರಲಿಲ್ಲ.

ಆ ವರ್ಷ ಅವನು ಸುಖವಾಗಿದ್ದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಎಂಟು ವರ್ಷ ಹೆಂಡತಿ ಆಸ್ಮಾ ಜಗಳೂರಿನ ಶಾಲೆಯಲ್ಲಿ, ಇವನು ಇಲ್ಲಿ. ಭಾನುವಾರದ ಬಸ್ಸಿನಲ್ಲಿ ನಡೆಯುತ್ತಿದ್ದ ಸಂಸಾರ ಅದು. ಆ ಜೂನ್‌ನಲ್ಲಿ ಆಕೆಗೆ ಹತ್ತಿರದ ಕೆರೆಬಿಳಚಿಗೆ ವರ್ಗವಾಗಿ, ಇಬ್ಬರೂ ದಿನಾ ಒಂದೇ ಒಲೆಯ ಅನ್ನ ಉಣ್ಣತೊಡಗಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೂ ಖಲೀಲನಿಗೆ ಖುಷಿಯೇ.

ಸುತ್ತೋಲೆ ಬಂದದ್ದು ಆಗ.

"ತಿಂಗಳ ಕೊನೆಯೊಳಗೆ ಕನಿಷ್ಠ ಮೂರು ಕಡಲ ಜೀವಿಗಳನ್ನು ನಮೂದಿಸದ ಘಟಕಗಳನ್ನು ಮುಚ್ಚಿ, ಸಿಬ್ಬಂದಿಯನ್ನು ಕರಾವಳಿಗೆ ವರ್ಗಾಯಿಸಲಾಗುವುದು. ಶೂನ್ಯ ಎಂದು ಬರೆಯತಕ್ಕದ್ದಲ್ಲ. ಶೂನ್ಯ ಎಂಬ ಹೆಸರಿನ ಪ್ರಾಣಿ ಇರುವುದಿಲ್ಲ."

ರುದ್ರಮುನಿ ಸುತ್ತೋಲೆಯನ್ನು ಎರಡು ಸಲ ಓದಿ, ಖಲೀಲನ ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದರು. ಖಲೀಲ್ ನಮೂನೆಯನ್ನು ಮುಂದೆ ಹರಡಿಕೊಂಡು ಕೂತ. ಅದರಲ್ಲಿ ಮೂರೇ ಕಾಲಂ: ಜೀವಿಯ ಹೆಸರು, ಕಂಡ ಲಕ್ಷಣ, ಕಂಡವರ ಸಹಿ. ಜೀವಿಯನ್ನು ಕಂಡಿರಬೇಕೆಂದು ಎಲ್ಲಿಯೂ ಇರಲಿಲ್ಲ. ಲಕ್ಷಣ ಕಂಡಿದ್ದರೆ ಸಾಕಿತ್ತು. ಇಲಾಖೆ ಕಳಿಸಿದ್ದ ಕಡಲ ಜೀವಿಗಳ ಕೈಪಿಡಿಯನ್ನು ತೆರೆದು ಒಂದು ಪುಟ ಓದುವುದು, ತಲೆ ಎತ್ತಿ ಕಚೇರಿಯನ್ನು ನೋಡುವುದು, ಮತ್ತೆ ಒಂದು ಪುಟ ಓದುವುದು, ಹೀಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಅವನ ಕೈಗೆ ಮಂಡಿಯ ಹಳೆಯ ಅಭ್ಯಾಸ ಬಂದುಬಿಟ್ಟಿತ್ತು.

ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಯಾರೋ ಬಿಟ್ಟುಹೋದ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಅದಕ್ಕಿಂತ ದೊಡ್ಡದು ಸಿಕ್ಕರೆ ಅದಕ್ಕೆ ಹಾರುತ್ತದೆ. ರುದ್ರಮುನಿ ಪ್ರಭಾರ ಹುದ್ದೆಗಳಲ್ಲೇ ಹತ್ತೊಂಬತ್ತು ವರ್ಷ ಕಳೆದವರು. ಆಕ್ಟೋಪಸ್ಸಿಗೆ ಎಂಟು ಕೈ, ಮೂರು ಹೃದಯ. ಹತ್ತಿರ ಬಂದವರ ಮೇಲೆ ಮಸಿ ಉಗುಳಿ, ಆ ಕತ್ತಲೆಯಲ್ಲಿ ಕಾಣೆಯಾಗುತ್ತದೆ. ಸಂಧ್ಯಾರಾಣಿಯ ಹತ್ತಿರ ಕಡತ ಕೇಳಿದರೆ ಆಕೆ ಹದಿನಾರು ಹಳೆಯ ಪತ್ರಗಳ ಉಲ್ಲೇಖ ಕೊಡುತ್ತಾಳೆ, ಕೇಳಿದವರು ಅವನ್ನು ಓದಿ ಮುಗಿಸುವಷ್ಟರಲ್ಲಿ ಕುರ್ಚಿ ಖಾಲಿ. ಇನ್ನು ಕಡಲ ಸೌತೆ ಎಂಬ ಜೀವಿ ಹೆದರಿದರೆ ತನ್ನ ಕರುಳನ್ನೇ ಹೊರಗೆ ಹಾಕಿಬಿಡುತ್ತದೆ. ಪಾಲಣ್ಣನನ್ನು ಯಾರಾದರೂ ಸ್ವಲ್ಪ ಗದರಿಸಿ ಟೈಮೆಷ್ಟು ಎಂದು ಕೇಳಿದರೂ, ಅಧಿಕಾರಿಗಳು ನಿನ್ನೆ ಎಷ್ಟಕ್ಕೆ ಎದ್ದು ಹೋದರು, ಯಾರ ಬೈಕಿನಲ್ಲಿ ಹೋದರು ಎಲ್ಲ ಹೊರಗೆ ಬರುತ್ತಿತ್ತು.

ಮೂರನ್ನೂ ಬರೆದು, ಕಂಡವರ ಸಹಿಯ ಜಾಗದಲ್ಲಿ ಖಲೀಲ್ ಸಹಿ ಹಾಕಿದ. ಸಹಿ ಹಾಕುವಾಗ ಅವನಿಗೆ ನಾಚಿಕೆಯಾಯಿತು. ಒಲೆಯ ನೆನಪಾದಾಗ ಅದು ಹೋಯಿತು.

ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ರುದ್ರಮುನಿ ಏಡಿಯ ಹೆಸರಿನ ಹಿಂದೆ ಸನ್ಯಾಸಿ ಎಂದಿರುವುದು ತಮ್ಮ ಸ್ವಭಾವಕ್ಕೆ ಒಪ್ಪುತ್ತದೆಂದರು. ಸಂಧ್ಯಾರಾಣಿ ಮೂರು ಹೃದಯದ ಭಾಗವನ್ನು ಮನೆಯವರಿಗೆ ತೋರಿಸಲು ಒಂದು ಜೆರಾಕ್ಸ್ ಕೇಳಿದಳು.

ಪರಿಶೀಲನೆಗೆ ಬಂದ ವಿನಯ್ ಕುಮಾರ್ ಎಂಬ ಮೇಲಧಿಕಾರಿ ಮೊದಲು ಗುಡುಗಿದರು. ಕುತ್ತಿಗೆ ಉಬ್ಬಿತು, ಕೆನ್ನೆ ಉಬ್ಬಿತು, ಅಂಗಿಯ ಗುಂಡಿ ಬಿಗಿಯಿತು. ಖಲೀಲ್ ವಿನಯದಿಂದಲೇ ಕೈಪಿಡಿಯ ಊದುವ ಮೀನಿನ ಪುಟವನ್ನು ಅವರ ಮುಂದಿಟ್ಟ. ಅವರು ನಿಧಾನವಾಗಿ ಓದಿದರು. ಓದುತ್ತ ಇಳಿದರು. ಇಂಥ ಶಿಸ್ತಿನ ಘಟಕವನ್ನು ತಾವು ಜಿಲ್ಲೆಯಲ್ಲೇ ನೋಡಿಲ್ಲವೆಂದು ಬರೆದು, ತಮ್ಮನ್ನು ಅತಿಥಿ ಜೀವಿಯಾಗಿ ನಮೂದಿಸಲು ಸೂಚಿಸಿ ಹೋದರು.

ಎಂಟು ದಿನಕ್ಕೆ ಆದೇಶ ಬಂತು. ಗೋದಾಮನ್ನು ಸಂರಕ್ಷಿತ ಕಡಲ ವಾಸಸ್ಥಾನವೆಂದು ಘೋಷಿಸಲಾಗಿತ್ತು. ಕಲಂ ಒಂಬತ್ತರ ಪ್ರಕಾರ ಜೀವಿಗಳನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ. ಎಲ್ಲರೂ ಪೇಡ ಹಂಚಿಕೊಂಡರು. ಖಲೀಲ್ ಪೇಡ ಬಾಯಿಗಿಡುವಾಗ ಪಾಲಣ್ಣ ಕಲಂ ಹತ್ತನ್ನು ಓದಿದ. ವಾಸಸ್ಥಾನದೊಳಗೆ ಮನುಷ್ಯರು ಇರುವಂತಿರಲಿಲ್ಲ. ಸದರಿ ಘಟಕದಲ್ಲಿ ಒಬ್ಬ ಮನುಷ್ಯನಿರುವುದು ಗಮನಕ್ಕೆ ಬಂದಿದ್ದು, ಅವನನ್ನು ಏಳು ದಿನದೊಳಗೆ ಕರಾವಳಿಗೆ ಬಿಡುಗಡೆ ಮಾಡತಕ್ಕದ್ದು ಎಂದಿತ್ತು.

ತನ್ನ ಮೂಟೆಗೆ ತಾನೇ ದರ್ಜೆ ಹೇಳುವಂತಿಲ್ಲವಲ್ಲ. ಖಲೀಲ್ ರುದ್ರಮುನಿಯವರ ಮುಂದೆ ಹೋಗಿ ನಿಂತ.

"ನಿಮ್ಮನ್ನ ಸೇರ್ಸಾಕೆ ನಮಗೇನೂ ಅಡ್ಡಿ ಇಲ್ಲಪ್ಪ," ಎಂದರು ಅವರು. "ಆದ್ರೆ ಲಕ್ಷಣ ಬೇಕಲ್ಲ. ನಿಮ್ಮ ಲಕ್ಷಣ ಏನೈತೆ ಹೇಳ್ರಿ."

"ಕೆಲಸ ಮಾಡ್ತೀನಿ ಸಾರ್."

ರುದ್ರಮುನಿ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಪ್ರಾಮಾಣಿಕವಾಗಿ ತಿರುವಿದರು. ಸಂಧ್ಯಾರಾಣಿ ವಿಷಯಸೂಚಿ ನೋಡಿದಳು. ಅಂಥ ಜೀವಿ ಸಿಗಲಿಲ್ಲ. ರುದ್ರಮುನಿಯವರಿಗೆ ನಿಜವಾಗಿಯೂ ಕೆಡುಕೆನಿಸಿತು, ಬೀಳ್ಕೊಡುಗೆಗೆ ಶಾಲು ತರಲು ಪಾಲಣ್ಣನನ್ನು ಕಳಿಸಿದರು.

ಮನೆಯಲ್ಲಿ ಖಲೀಲ್ ಉಣ್ಣದೆ ಕೂತ. ಮತ್ತೆ ಭಾನುವಾರದ ಬಸ್ಸು, ಅದೂ ಘಟ್ಟ ಇಳಿದು. ಆಸ್ಮಾ ಶಾಲೆಯಲ್ಲಿ ವಿಜ್ಞಾನ ಹೇಳುವವಳು. ಅವನ ಚೀಲದಿಂದ ಕೈಪಿಡಿ, ನಮೂನೆ ಎರಡನ್ನೂ ತೆಗೆದುಕೊಂಡು, ಪುಟ ಕೂಡ ಹುಡುಕದೆ ಬರೆಯತೊಡಗಿದಳು.

"ನಿಮ್ಮ ಮೂಟೆಗೆ ನಾನು ಕೈ ಹಾಕಿ ಹನ್ನೊಂದು ವರ್ಷ ಆತು," ಎಂದಳು. "ಕಂಡೋರ ಸಹಿ ನಂದೇ ಇರ್ಲಿ."

ಅವಳು ಬರೆದದ್ದು ಇಷ್ಟು. ಜೀವಿಯ ಹೆಸರು: ಸ್ಪಂಜು. ಕಂಡ ಲಕ್ಷಣ: ಕೂತಲ್ಲಿಂದ ಏಳುವುದಿಲ್ಲ. ಎಂಥ ನೀರು ಬಂದರೂ ಒಳಗೆ ಬಿಟ್ಟುಕೊಂಡು, ಸೋಸಿ, ಹೊರಗೆ ಬಿಡುತ್ತದೆ. ಬಾಯಿಲ್ಲ. ಬೆನ್ನೆಲುಬಿಲ್ಲ.

ಖಲೀಲ್ ಓದಿದ. ಉಳಿದುಕೊಂಡೆನೆಂಬ ಸಂತೋಷ ಎದೆಯಲ್ಲಿ ಏರುತ್ತಿದ್ದದ್ದು ಕೊನೆಯ ಸಾಲಿಗೆ ಬಂದು ನಿಂತಿತು.

"ಬೆನ್ನೆಲುಬಿಲ್ಲ ಅಂತ ಬರಿಲೇಬೇಕಿತ್ತಾ?"

"ಇದ್ದಿದ್ರೆ ಆ ಮೂರಕ್ಕೆ ಸಹಿ ಹಾಕ್ತಿದ್ರೇನ್ರೀ?" ಎಂದು ಅವಳು ಅವನ ತಟ್ಟೆಗೆ ಅನ್ನ ಬಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಆದರೂ ಉಂಡ, ಎರಡನೇ ಸಲ ಸಾರೂ ಹಾಕಿಸಿಕೊಂಡ.

ಮರುದಿನ ಕಚೇರಿಯಲ್ಲಿ ಯಾರೊಬ್ಬರೂ ಆಕ್ಷೇಪಿಸಲಿಲ್ಲ. ಯಾರಾದರೂ ಒಬ್ಬರು, ಛೆ, ನೀವು ಹಾಗಲ್ಲ ಎನ್ನಬಹುದೆಂದು ಖಲೀಲ್ ಹನ್ನೊಂದರ ತನಕ ಕಾದ. ಇದು ನಮಗೇ ಮೊದಲು ಹೊಳೀಬೇಕಿತ್ತು ಎಂದು ಪಾಲಣ್ಣ ನೊಂದುಕೊಂಡ. ಮೇಲಿನ ಕಚೇರಿಯಿಂದ ಒಪ್ಪಿಗೆ ಅದೇ ಸಂಜೆ ಬಂತು. ಅಷ್ಟು ಬೇಗ ಆ ಕಚೇರಿಯಿಂದ ಏನೂ ಬಂದದ್ದಿಲ್ಲ.

ಈಗ ಘಟಕದಲ್ಲಿ ಮನುಷ್ಯರು ಯಾರೂ ಇಲ್ಲ. ಹೊನ್ನಾಳಿ, ನ್ಯಾಮತಿಯವರು ತಮಗೂ ಇಂಥದೊಂದು ವಾಸಸ್ಥಾನ ಬೇಕೆಂದು ಮನವಿ ಕೊಟ್ಟಿದ್ದಾರೆ, ಜಗಳೂರಿನವರು ನೇರವಾಗಿ ತಿಮಿಂಗಿಲವನ್ನೇ ಕೇಳಿದ್ದಾರೆ. ರಿಜಿಸ್ಟರಿಗೆ ಗೆರೆ ಎಳೆಯುವುದು ನಿಂತಿದೆ, ಅದು ಸ್ಪಂಜಿನ ಲಕ್ಷಣವಲ್ಲ. ಕಲಂ ಹನ್ನೆರಡರ ಪ್ರಕಾರ ಜೀವಿಗಳನ್ನು ಒಣಗಲು ಬಿಡಬಾರದಾದ್ದರಿಂದ, ದಿನಾ ಹನ್ನೊಂದು ಗಂಟೆಗೆ ಪಾಲಣ್ಣ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿಕೊಂಡು ಮೇಜಿನಿಂದ ಮೇಜಿಗೆ ಬರುತ್ತಾನೆ. ಮೊದಲು ತನ್ನ ಮೇಲೆ ಸುರಿದುಕೊಂಡು ಆಮೇಲೆ ಉಳಿದವರಿಗೆ ಚಿಮುಕಿಸುತ್ತಾನೆ. ಖಲೀಲನ ಸರದಿ ಕೊನೆಗೆ. ಅವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಮುಖ ಮುಂದೆ ಚಾಚಿ, ಇನ್ನೊಂದು ಚೊಂಬು ಹಾಕು ಪಾಲಣ್ಣ, ನಾನು ಜಾಸ್ತಿ ಹೀರ್ತೀನಿ ಅನ್ನುತ್ತಾನೆ.