ವಸೂಲಿಗಾರನ ಬಗಲಿನ ಗಂಟು

ದರ್ಜಿಯ ಹೊಲಿಗೆ ಯಂತ್ರದ ಸಾಲಕ್ಕೆ ಎರಡು ಕಂತು ಬಾಕಿಯಿತ್ತು. ಅವನ ತಲೆ ಕೆಡಿಸಿದ್ದು ಬಾಕಿಯಲ್ಲ, ವಸೂಲಿಗಾರನ ಬಗಲಲ್ಲಿದ್ದ ಗಂಟು. ಯಾವಾಗಲೂ ಬರೀ ರಸೀದಿ ಪುಸ್ತಕ ಹಿಡಿದು ಬರುತ್ತಿದ್ದ ಮನುಷ್ಯ ಅಂದು ಬೆಳಿಗ್ಗೆ ಒಂಬತ್ತಕ್ಕೆ ಇಷ್ಟು ದಪ್ಪದ ಗಂಟು ಹೊತ್ತು ಬಂದ. ಕಂಡಿದ್ದೇ ತಡ, ದರ್ಜಿ ಮೇಜಿನ ಕೆಳಗೆ ತೂರಿದ.

"ಅವ್ರು ಮನೇಲಿಲ್ಲ," ಎಂದಳು ಹೆಂಡತಿ, ಹೊರಗೆ ಉಳಿದಿದ್ದ ಗಂಡನ ಪಾದವನ್ನು ಮೆಲ್ಲಗೆ ಒಳಗೆ ಒದೆಯುತ್ತ.

"ಸರಿ, ಹನ್ನೊಂದಕ್ಕೆ ಬರ್ತೀನಿ," ಎಂದು ಅವನು ಹೋದ.

"ಗಂಟಲ್ಲಿ ಏನಿತ್ತೇ?"

"ನಾನೇನು ಬಿಚ್ಚಿ ನೋಡಿದ್ನಾ?"

"ಗೋಣಿಚೀಲ!" ಎಂದು ಬಾಗಿಲಲ್ಲಿ ದನಿ ಕೇಳಿತು. ಪಕ್ಕದ ಮನೆಯ ನಿವೃತ್ತ ಗುಮಾಸ್ತರು. ಕರೆಯದೆ ಬಂದು ಕೇಳದೆ ಸಲಹೆ ಕೊಡುವ ಅವರಿಗೆ ಬೀದಿಯವರು ಇಟ್ಟ ಹೆಸರು ಕಾನೂನು ಮಾವ. "ನಿನ್ನ ಮಿಷನ್ನು ಸುತ್ಕೊಂಡು ಹೋಗಕ್ಕೆ ತಂದಿದಾನೆ ಕಣಯ್ಯ."

ದರ್ಜಿ ಮೇಜಿನ ಕೆಳಗಿಂದ ಹೊರಬಂದು ಯಂತ್ರವನ್ನು ತಬ್ಬಿ ಹಿಡಿದ. ಯಂತ್ರ ಹೋದರೆ ಮನೆಯ ಒಲೆ ಆರಿದಂತೆಯೇ.

"ಹೆದರ್ಬೇಡ. ಸಾಲಗಾರನಿಗೂ ಹಕ್ಕಿದೆ. ನೋಟಿಸ್ ಕೊಡದೆ ನಿನ್ನ ಸೂಜಿ ಕೂಡ ಮುಟ್ಟೋ ಹಾಗಿಲ್ಲ. ಗದರಿಸೋ ಹಾಗಿಲ್ಲ. ನಿನ್ನ ಸಾಲದ ವಿಷಯ ಅಕ್ಕಪಕ್ಕದವರಿಗೆ ಹೇಳೋ ಹಾಗೂ ಇಲ್ಲ!"

"ಅಕ್ಕಪಕ್ಕದವ್ರಿಗೆಲ್ಲ ಈಗ ನೀವೇ ಕೇಳಿಸಿದ್ರಲ್ಲ ಮಾವ," ಎಂದಳು ಹೆಂಡತಿ.

ಮಾವನಿಗೆ ಇಂಥದ್ದು ಕಿವಿಗೆ ಬೀಳುವುದಿಲ್ಲ. ಕಾಗದ ತೆಗೆದು ಹೇಳಿ ಬರೆಸಿದರು: 'ಇನ್ನು ಮುಂದೆ ಏನಿದ್ದರೂ ಬರಹದಲ್ಲೇ ತಿಳಿಸತಕ್ಕದ್ದು. ನನ್ನೊಡನೆ ಬಾಯಿಮಾತು ಕೂಡದು.'

ಹನ್ನೊಂದಕ್ಕೆ ಗಂಟು ಮತ್ತೆ ಬಂತು. "ಅಣ್ಣಾ, ಇವತ್ತು ನಾನು ಕಂತಿಗೆ ಬಂದಿಲ್ಲ, ಬೇರೆ ಒಂದು..."

"ಬಾಯಿಮಾತು ಕೂಡದು!" ದರ್ಜಿ ಕಾಗದ ಚಾಚಿದ.

ವಸೂಲಿಗಾರ ಎರಡೆರಡು ಸಲ ಓದಿದ. ಇಂಥ ಪತ್ರ ಕೈಗೆ ಬಂದ ಮೇಲೂ ತುಟಿ ಬಿಚ್ಚಿದರೆ ಅವನ ಕೆಲಸಕ್ಕೇ ಸಂಚಕಾರ. ತಲುಪಿದೆಯೆಂದು ಒಂದು ರಸೀದಿ ಬರೆದುಕೊಟ್ಟು, ಪತ್ರವನ್ನು ಜೇಬಿಗಿಟ್ಟು, ಗಂಟೆತ್ತಿಕೊಂಡು ಹೊರಟೇಬಿಟ್ಟ.

"ಬಾಲ ಮುದುರಿಕೊಂಡು ಹೋದ!" ಎಂದು ಮಾವ ಬೀಗಿದರು. ದರ್ಜಿಗೆ ಮಾತ್ರ ಸಮಾಧಾನವಿಲ್ಲ. ಗೋಣಿಚೀಲವಾದರೆ ಅಷ್ಟು ನೀಟಾಗಿ ಮಡಿಸುತ್ತಾರೆಯೇ? ಬೇರೆ ಒಂದು ಎಂದನಲ್ಲ, ಬೇರೆ ಏನು? ಆ ಯೋಚನೆಯಲ್ಲಿ ಯಾರದೋ ಅಂಗಿಯ ಜೇಬನ್ನು ಬೆನ್ನಿಗೆ ಹೊಲಿದುಬಿಟ್ಟ.

ಮೂರು ಗಂಟೆಗೆ ಬೀದಿಯಾಚೆ ಇನ್ನೊಬ್ಬ ದರ್ಜಿಯ ಅಂಗಡಿಯ ಮುಂದೆ ಉದ್ದ ಸಾಲು ನಿಂತಿತ್ತು. ಒಳಗೆ ಮೇಜಿನ ಮೇಲೆ ಅದೇ ಗಂಟು, ಬಿಚ್ಚಿಕೊಂಡು ಬಿದ್ದಿತ್ತು. ಅದರ ತುಂಬ ಬೂದುಬಣ್ಣದ ಹೊಸ ಬಟ್ಟೆ.

ದರ್ಜಿ ಓಡಿದ. ಕೈ ಅಗಲಿಸಿ ಅಳತೆ ಕೊಡುತ್ತಿದ್ದ ವಸೂಲಿಗಾರನನ್ನು ಹಿಡಿದು ಕೇಳಿದ, "ಏನಪ್ಪಾ ಇದು? ಹೇಳಪ್ಪಾ!"

ಅವನು ಜೇಬಿನ ಪತ್ರ ತೋರಿಸಿದ, ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಪಾಪ ಎನ್ನಿಸಿತೇನೋ, ರಸೀದಿಯ ಹಿಂದೆ ಗೀಚಿ ಕೊಟ್ಟ.

'ನಮ್ಮ ನಲವತ್ತು ಜನರ ಸಮವಸ್ತ್ರ ನಿಮ್ಮಿಂದಲೇ ಹೊಲಿಸಿ, ಮಜೂರಿಯಲ್ಲಿ ಕಂತು ತೀರಿಸಿಕೊಳ್ಳೋಣವೆಂದು ಸಾಹೇಬರನ್ನು ಒಪ್ಪಿಸಿ ಬಂದಿದ್ದೆ. ಬಾಯಿಮಾತು ಕೂಡದು ಎಂದಿರಿ. ಎರಡು ಕಂತು ಹಾಗೇ ಬಾಕಿ ಇದೆ.'

ದರ್ಜಿ ಚೀಟಿಯನ್ನು ಮತ್ತೆ ಮೊದಲಿಂದ ಓದಿದ. ಹಿಂದೆಯೇ ಬಂದಿದ್ದ ಮಾವ ಚೀಟಿ ಕಿತ್ತುಕೊಂಡು, ಕನ್ನಡಕ ಏರಿಸಿ ಓದಿ, ಅವನ ಬೆನ್ನು ತಟ್ಟಿದರು.

"ನೋಡ್ದ್ಯಾ? ಕೊನೆಗೂ ಬರಹದಲ್ಲೇ ಕೊಟ್ಟ. ಗೆದ್ದಿದ್ದು ನಾವೇ ಕಣಯ್ಯ!"