ಪೆಟ್ಟಿಗೆಯೋ, ಪ್ರಯಾಣಿಕರೋ

ವಿಮಾನ ಹಾರಿಸುವವರಿಗೆ ಕಲಿಸುವ ಮುಖ್ಯ ವಿದ್ಯೆಯೇ ತಕ್ಷಣ ತೀರ್ಮಾನ ಮಾಡುವುದು. ಒಂದು ಎಂಜಿನ್ ನಿಂತರೆ ಏನು ಮಾಡಬೇಕು, ಎದುರಿಗೆ ಮೋಡ ಕವಿದರೆ ಎತ್ತ ತಿರುಗಬೇಕು ಎಂಬುದನ್ನೆಲ್ಲ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬಲ್ಲೆ ಎಂದು ಒಪ್ಪಿ ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ. ಹಾಗಿರುವಾಗ ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಯಾವ ಮಹಾ ವಿಷಯ!

ಲೈಸೆನ್ಸ್ ಬಂದ ಮೇಲೆ ಬಹಳ ಕಾಲ ನನ್ನನ್ನು ಯಾರೂ ಕರೆದಿರಲಿಲ್ಲ. ರಾಮನಗರದ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ, ದೂರದಲ್ಲಿ ಹೋಗುವ ವಿಮಾನಗಳನ್ನು ನೋಡಿ ನಿಟ್ಟುಸಿರು ಬಿಡುವುದೇ ನನ್ನ ವೈಮಾನಿಕ ವೃತ್ತಿಯಾಗಿತ್ತು. ಆಮೇಲೆ ಒಂದೇ ವಾರದಲ್ಲಿ ಎರಡು ಕಂಪನಿಗಳು ಕರೆದುಬಿಟ್ಟವು. ಒಂದು ಸರಕು ಸಾಗಿಸುವ ಕಂಪನಿ. ರಾತ್ರಿಯೆಲ್ಲ ಪೆಟ್ಟಿಗೆಗಳನ್ನು ಹೊತ್ತು ಹಾರುವುದು, ಬೆಳಿಗ್ಗೆ ಮನೆಗೆ ಬರುವುದು. ಅಲ್ಲಿ ಪೈಲಟ್‌ಗಳು ಕಡಿಮೆ, ಹಾಗಾಗಿ ಬೇಗ ಕ್ಯಾಪ್ಟನ್ ಆಗಬಹುದು ಎಂದರು. ಇನ್ನೊಂದು ಹುಬ್ಬಳ್ಳಿ, ಕಲಬುರಗಿಯಂಥ ಊರುಗಳಿಗೆ ಜನರನ್ನು ಕರೆದೊಯ್ಯುವ ಸಣ್ಣ ವಿಮಾನ ಕಂಪನಿ. ಹಗಲು ಕೆಲಸ, ದಿನಕ್ಕೆ ಹಲವು ಸಲ ಹಾರಿ ಇಳಿಯುವುದರಿಂದ ಅನುಭವ ಬೇಗ ಕೂಡುತ್ತದೆ, ಆದರೆ ಆಗಾಗ ಪರವೂರಿನಲ್ಲಿ ತಂಗಬೇಕು. ತಮಾಷೆಯೆಂದರೆ, ಎರಡೂ ಕಡೆ ಒಂದೇ ಜಾತಿಯ, ಎರಡು ಫ್ಯಾನಿನ ಪುಟ್ಟ ವಿಮಾನ. ಒಂದು ಕಡೆ ಸೀಟುಗಳಿವೆ, ಇನ್ನೊಂದು ಕಡೆ ಸೀಟು ಕಿತ್ತುಹಾಕಿದ್ದಾರೆ.

ಎರಡೂ ಕಂಪನಿಗಳಿಗೆ ಸೋಮವಾರದೊಳಗೆ ಉತ್ತರ ಬೇಕಿತ್ತು.

ನನ್ನ ಗಂಡ ಮಂಜುನಾಥ್ ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರು ಒಂದೇ ಮಾತು ಹೇಳಿದರು. "ನೀನೇ ಯೋಚ್ನೆ ಮಾಡು ಪವಿತ್ರಾ. ಊರಲ್ಲಿ ಮಾತ್ರ ಕೇಳಕ್ ಹೋಗ್ಬೇಡ."

ಆ ಶನಿವಾರವೇ ಅವರನ್ನು ಹೊರಡಿಸಿಕೊಂಡು ಊರಿಗೆ ಕೇಳಲು ಹೋದೆ.

ನಮ್ಮ ಅತ್ತೆ ಮಾವ ಅಕ್ಕೂರಿನಲ್ಲಿ ರೇಷ್ಮೆ ಬೆಳೆಯುತ್ತಾರೆ. ನಾವು ಹೋದಾಗ ಬೆಳೆ ಮುಗಿದು ಗೂಡು ಬಿಡಿಸುವ ಕೆಲಸ ನಡೆದಿತ್ತು. ನಾನೂ ಕೂತು ಗೂಡು ಬಿಡಿಸುತ್ತ ಎರಡು ಕೆಲಸಗಳನ್ನೂ ವಿವರಿಸಿದೆ. ಮಾವ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಸೀಟುಗಳನ್ನು ಕಿತ್ತು ಎಲ್ಲಿ ಇಟ್ಟಿದ್ದಾರೆ ಎಂದು ವಿಚಾರಿಸಿದರು. ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ತೀರ್ಪು ಕೊಟ್ಟರು.

"ಜನ ಹತ್ತಾಕಿಲ್ಲ ಅಂದ್ಮೇಲೆ ಅದು ಲಾರಿನೇ ಕಣವ್ವ."

ಅತ್ತೆಗೆ ಅದೇ ಹಿಡಿಸಿತು. "ಲಾರಿ ಆದ್ರೆ ಏನಾಯ್ತು? ಪೆಟ್ಗೆ ವಾಂತಿ ಮಾಡ್ಕಳಕಿಲ್ಲ, ಲೇಟಾಯ್ತು ಅಂತ ಬೈಯಾಕಿಲ್ಲ. ನೀನು ಪೆಟ್ಗೆ ಕೆಲ್ಸಕ್ಕೇ ಹೋಗವ್ವ."

ಮದುವೆಯಾದ ಮೇಲೆ ಅತ್ತೆ ಹೇಳಿದ ಮಾತು ನನಗೆ ಅಷ್ಟು ಸರಿಯೆನಿಸಿದ್ದು ಅದೇ ಮೊದಲು. ಸರಕಿನ ಕಂಪನಿಯೇ ಸರಿ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ವೃತ್ತಿಪರಳಾದ ನನಗೆ ಒಂದು ಪರೀಕ್ಷಾರ್ಥ ಪ್ರಯೋಗ ಬೇಕೆನಿಸಿತು. ಮರುದಿನ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕಿತ್ತು. ಪಕ್ಕದ ಮನೆಯವರ ಗೂಡ್ಸ್ ಗಾಡಿಯನ್ನು ನಾನೇ ಓಡಿಸುತ್ತೇನೆ ಎಂದೆ. ಸರಕು ಸಾಗಣೆ ಹೇಗಿರಬೇಕೆಂದು ತೋರಿಸಿಯೇಬಿಡೋಣ!

ಮಾವ ಮತ್ತು ಮಂಜುನಾಥ್ ಬೈಕಿನಲ್ಲಿ ಮುಂದೆ ಹೋದರು. ಮಾವ ಗೂಡಿನ ಚೀಲಗಳನ್ನು ಸಡಿಲವಾಗಿ ಇಟ್ಟುಹೋಗಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ. ವಿಮಾನದಲ್ಲಿ ಸರಕು ಒಂದಿಷ್ಟು ಜರುಗಿದರೂ ಅಪಾಯ ಎಂದು ಓದಿದವಳು ನಾನು. ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ, ಮಳೆ ಬಂದರೆ ಇರಲಿ ಎಂದು ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದೆ. ಗಾಳಿ ಕೂಡ ಒಳಗೆ ನುಸುಳುವಂತಿರಲಿಲ್ಲ.

ಚನ್ನಪಟ್ಟಣ ದಾಟುವಾಗ ಮೋಡ ಹೋಗಿ ಸುಡುಬಿಸಿಲು ಬಂತು. ನಾನು ಸುರಕ್ಷತೆಯ ದೃಷ್ಟಿಯಿಂದ ಗಾಡಿ ನಿಲ್ಲಿಸಿ ಟಯರಿನ ಗಾಳಿ ನೋಡಿದೆ, ಹಗ್ಗ ಇನ್ನಷ್ಟು ಬಿಗಿದೆ, ಕಾಫಿ ಕುಡಿದೆ. ಗೂಡು ಬಿಸಿಲಲ್ಲಿ ಟಾರ್ಪಾಲು ಹೊದ್ದು ನನಗಾಗಿ ಕಾದಿತ್ತು.

ಮಾರುಕಟ್ಟೆಯಲ್ಲಿ ಟಾರ್ಪಾಲು ತೆಗೆದಾಗ ಅನ್ನ ಬಸಿದಂತೆ ಬಿಸಿ ಹಬೆ ಎದ್ದಿತು. ಗೂಡು ಕೊಂಡು ನೂಲು ತೆಗೆಯುವ ರೀಲರೊಬ್ಬರು ಚೀಲಕ್ಕೆ ಕೈಹಾಕಿ ನೋಡಿ, "ಇದೇನ್ ಗೌಡ್ರೇ, ಗೂಡು ಬೆವ್ತವೆ," ಎಂದರು. ಕೆಲವು ಗೂಡುಗಳಲ್ಲಿ ಕಲೆಯೂ ಕಾಣುತ್ತಿತ್ತು. ಹಸಿ ಗೂಡಿಗೆ ಗಾಳಿ ಬೇಕು, ಒಳಗಿರುವುದು ಜೀವ ಎಂಬುದು ನನಗೆ ಆಗ ಹೊಳೆಯಿತು.

ಮಾವ ಬಯ್ಯುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡದೆ ರೀಲರಿಗೆ ಹೇಳಿದರು. "ಮಳೆ ಬಂದಾತು ಅಂತ ನಾನೇ ಮುಚ್ಬುಟ್ಟೆ."

ಬೆಲೆ ಬಿದ್ದುಹೋಯಿತು. ಅವತ್ತು ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಗೂಡಿನ ಸಾಲಿನ ಪಕ್ಕ ನಿಂತು, ಅವರ ಒಂದು ಬೆಳೆಯ ದುಡಿಮೆಯನ್ನು ಕಾಫಿ ಕುಡಿಯುತ್ತ ಬೇಯಿಸಿದೆನಲ್ಲ ಎಂದು ಮುಖ ತಿರುಗಿಸಿಕೊಂಡೆ. ಮಾವ ಖಾಲಿ ಚೀಲ ಕೊಡವಿ ಮಡಿಸಿ, ಊಟಕ್ಕೆ ನಡೆಯವ್ವ ಎಂದರು.

ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನ ತೀರ್ಮಾನ ಬದಲಾಗಿತ್ತು. ಉಸಿರು ಕಟ್ಟಿದರೆ ಪೆಟ್ಟಿಗೆ ಹೇಳುವುದಿಲ್ಲ, ಗೂಡೂ ಹೇಳುವುದಿಲ್ಲ. ಜನರಾದರೆ ಬಾಯಿಬಿಟ್ಟು ಕೂಗುತ್ತಾರೆ. ನನ್ನಂಥವಳ ಕೈಗೆ ಕೂಗುವ ಸರಕೇ ಕ್ಷೇಮ. ಇಷ್ಟು ಘನವಾದ ಕಾರಣವನ್ನು ಹಿಡಿದು ಭಾರತದಲ್ಲಿ ಯಾವ ಪೈಲಟ್ಟೂ ಕೆಲಸ ಆರಿಸಿಕೊಂಡಿರಲಾರ.

ಸೋಮವಾರ ಸರಕಿನ ಕಂಪನಿಗೆ ಫೋನ್ ಮಾಡಿ, ಅಭ್ಯಾಸ ಮಾಡಿಟ್ಟುಕೊಂಡ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ತಮ್ಮ ಸಂಸ್ಥೆಯ ಬಗ್ಗೆ ಅಪಾರ ಗೌರವವಿದೆ, ಆದರೆ ಬಹಳ ಆಲೋಚಿಸಿ ಪ್ರಯಾಣಿಕರ ವಿಮಾನವನ್ನೇ ಆರಿಸಿಕೊಂಡಿದ್ದೇನೆ, ತಮ್ಮ ಕೆಲಸ ಬೇಡ, ಕ್ಷಮಿಸಬೇಕು.

ಆ ಕಡೆಯ ಹೆಣ್ಣುಮಗಳು ನಯವಾಗಿ ಹೇಳಿದರು. "ಮೇಡಂ, ನಮ್ಮದೂ ಪ್ರಯಾಣಿಕರ ವಿಮಾನವೇ."

ನಂಬರು ನೋಡಿಕೊಂಡೆ. ನಾನು ಫೋನ್ ಮಾಡಿದ್ದು ಇನ್ನೊಂದು ಕಂಪನಿಗೆ.

"ಹಾಗಾದರೆ ನಿಮ್ಮಲ್ಲಿಗೇ ಬರುತ್ತೇನೆ," ಎಂದೆ.

ಎದುರಿಗೆ ಕೂತು ತಿಂಡಿ ತಿನ್ನುತ್ತಿದ್ದ ಮಂಜುನಾಥ್ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಒಳಗಿನಿಂದ ಬಹಳ ಹೊತ್ತು ಕೆಮ್ಮುವ ಸದ್ದು ಕೇಳುತ್ತಿತ್ತು.

ಅದೃಷ್ಟಕ್ಕೆ ಆ ಕಂಪನಿಯವರು ಸೇರಿಸಿಕೊಂಡರು. ತಿಂಗಳುಗಟ್ಟಲೆ ತರಬೇತಿ ಮುಗಿದು ಕೊನೆಗೂ ಹುಬ್ಬಳ್ಳಿಗೆ ನನ್ನ ಮೊದಲ ಹಾರಾಟ ಬಂತು. ಮೇಲೇರಿದ ಮೇಲೆ ಕ್ಯಾಪ್ಟನ್ ನಗುತ್ತ, ಪ್ರಯಾಣಿಕರಿಗೆ ನೀವೇ ಎರಡು ಮಾತು ಹೇಳಿ ಎಂದರು. ನಾನು ಗಂಟಲು ಸರಿಪಡಿಸಿಕೊಂಡೆ. ಎಲ್ಲರಿಗೂ ಸ್ವಾಗತ ಕೋರಿದೆ. ನಾನು ಚನ್ನಪಟ್ಟಣದ ಕಡೆಯ ಸೊಸೆ, ಇದು ನನ್ನ ಮೊದಲ ದಿನ ಎಂದು ವಿನಯದಿಂದ ತಿಳಿಸಿದೆ. ಹುಬ್ಬಳ್ಳಿಯಲ್ಲಿ ಆಕಾಶ ತಿಳಿಯಾಗಿದೆ, ನಿಶ್ಚಿಂತೆಯಿಂದ ಒರಗಿಕೊಳ್ಳಿ ಎಂದೆ. ಮಾತು ಬಹಳ ಚೆನ್ನಾಗಿ ಬಂತು. ನನಗೇ ಕಣ್ಣು ತುಂಬಿತು.

ಆಗ ಕಿವಿಯಲ್ಲಿ ಒಂದು ಗಂಡು ದನಿ ಶಾಂತವಾಗಿ ಹೇಳಿತು. "ಸ್ವಾಗತಕ್ಕೆ ಧನ್ಯವಾದ ಮೇಡಂ. ಹವಾಮಾನ ನಿಮಗೆ ಹೇಳಿದ್ದು ನಾವೇ."

ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ತೋರಿಸುವ ನಿಯಂತ್ರಣ ಕೊಠಡಿಯ ಅಧಿಕಾರಿ ಅವರು. ಪ್ರಯಾಣಿಕರ ಸ್ಪೀಕರಿನ ಬದಲು ನಾನು ರೇಡಿಯೋ ಗುಂಡಿ ಒತ್ತಿದ್ದೆ. ಆ ದಿಕ್ಕಿನಲ್ಲಿ ಹಾರುತ್ತಿದ್ದ ವಿಮಾನಗಳ ಪೈಲಟ್‌ಗಳೆಲ್ಲ ನನ್ನ ಪರಿಚಯ ಮಾಡಿಕೊಂಡಿದ್ದರು. ನಮ್ಮ ಪ್ರಯಾಣಿಕರನ್ನು ಬಿಟ್ಟು. ಕ್ಯಾಪ್ಟನ್ ಕಿಟಕಿಯಾಚೆ ನೋಡುತ್ತ ಕೂತರು. ಅವರ ಭುಜ ಅಲ್ಲಾಡುತ್ತಿತ್ತು.

ಇಳಿದ ಮೇಲೆ ಮಾವನ ಫೋನು ಬಂತು. ಎಲ್ಲ ಸುಸೂತ್ರವಾಯಿತೇ, ಜನರಿಗೆ ಏನಾದರೂ ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದೆ.

"ಜನ ಏನಂದ್ರವ್ವ?"

"ಏನೂ ಅನ್ಲಿಲ್ಲ ಮಾವ. ಎಲ್ರೂ ಸುಮ್ನೆ ಕೂತಿದ್ರು."

"ಅಷ್ಟ್ ಚೆಂದಾಗಿ ಮಾತಾಡಿದ್ದೀಯ ಅಂತಾಯ್ತು ಬುಡು," ಎಂದರು ಮಾವ. ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುವುದು ಕೇಳಿಸಿತು.

ನಾನು ತಿದ್ದಲಿಲ್ಲ.