ಸೊನ್ನೆಗೆ ಬಂದ ಸಮುದ್ರ

ನಮ್ಮ ಕಾಕಾ ಸಮುದ್ರವನ್ನು ಮನೆಯಲ್ಲೇ ತಯಾರಿಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಆದರೆ ಹೈದರಾಬಾದಿನ ಸನತ್‌ನಗರದಲ್ಲಿರುವ ಅವರ ಮನೆಗೆ ಹೋದಾಗ, ಬನಿಯನ್ ತೊಟ್ಟ ಹಿರಿಯರೊಬ್ಬರು ಪ್ಲಾಸ್ಟಿಕ್ ಡ್ರಮ್ಮಿನ ಮುಂದೆ ನಿಂತು ಉದ್ದನೆಯ ಕೋಲಿನಿಂದ ಉಪ್ಪು ಕದಡುತ್ತಿದ್ದರೆ, ಉಪ್ಪಿನಕಾಯಿ ಹಾಕುತ್ತಿದ್ದೀರಾ ಎಂದು ಮಾತ್ರ ಕೇಳಬೇಡಿ. ನಾನು ಕೇಳಿದ್ದೆ.

"ಸಮುದ್ರ ಮಾಡಾಕತ್ತೀನಿ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೂಲ ವಿಜಯಪುರದ ಕಡೆ. ಸಮುದ್ರವನ್ನು ಅವರು ಮೊದಲು ಕಂಡದ್ದು ಮದುವೆಯಾದ ಮೇಲೆ, ಅದೂ ರೈಲಿನ ಕಿಟಕಿಯಿಂದ. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ "ರಿಜೆಕ್ಟ್" ಎಂದು ಪಕ್ಕಕ್ಕಿಡುವುದು. ನಿವೃತ್ತರಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲವಲ್ಲ, ಕೆಲವು ದಿನ ಚಪಾತಿಗಳನ್ನು ಅಳೆದರು. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಲಟ್ಟಣಿಗೆಯನ್ನೇ ಅವರ ಕೈಗೆ ಕೊಟ್ಟು "ಹಂಗಾರ ನೀವ ಲಟ್ಟಿಸ್ರಿ" ಎಂದರು. ಚಪಾತಿಗಳ ತಪಾಸಣೆ ಅಲ್ಲಿಗೆ ನಿಂತಿತು.

ಆಮೇಲೆ ಬಂದದ್ದು ಈ ಹವಳದ ತೊಟ್ಟಿ. ಹವಳವೆಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ನಮ್ಮ ಮನೆತನಕ್ಕೆ, ಅದು ಜೀವವಿರುವ ಪ್ರಾಣಿ, ಅದಕ್ಕೂ ಬಾಯಿ ಹೊಟ್ಟೆ ಇವೆ ಎಂದು ತೋರಿಸಿಕೊಟ್ಟವರು ಕಾಕಾ. ಗೋಡೆಯುದ್ದದ ಗಾಜಿನ ತೊಟ್ಟಿ, ಒಳಗೆ ಕಲ್ಲು, ಕಿತ್ತಳೆ ಬಣ್ಣದ ಪಟ್ಟೆ ಮೀನುಗಳು, ನಡುವೆ ಹಸಿರು ಸುತ್ತಿಗೆ ಹವಳ. ಅದರ ಬೆರಳುಗಳ ತುದಿಯೆಲ್ಲ ಪುಟ್ಟ ಸುತ್ತಿಗೆಯ ಹಾಗೆ. ತಂದಾಗ ಹೆಬ್ಬೆಟ್ಟಿನಷ್ಟಿತ್ತು, ಕಾಕಾ ಅದನ್ನು ದೊಡ್ಡ ಬೋಗುಣಿಯಷ್ಟು ಬೆಳೆಸಿದರು. ಬೆಳಿಗ್ಗೆ ಅದು ಅರಳುವುದನ್ನು ನೋಡದೆ ಚಹಾ ಕುಡಿಯುತ್ತಿರಲಿಲ್ಲ. ನಾನು ಹುಟ್ಟಿದಾಗಲೂ ಅವರು ನನ್ನನ್ನು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ!

ಹೈದರಾಬಾದಿನ ಮೇ ತಿಂಗಳು ನಿಮಗೆ ಗೊತ್ತು. ಆ ಮನೆಯಲ್ಲಿ ಮನುಷ್ಯರಿಗೆ ಎ.ಸಿ. ಇಲ್ಲ, ಹವಳಕ್ಕೆ ನೀರು ತಣ್ಣಗೆ ಮಾಡುವ ಯಂತ್ರ ಇದೆ. ಆ ಯಂತ್ರ ನೀರಿನ ಬಿಸಿಯನ್ನೆಲ್ಲ ಹೀರಿ ಎಲ್ಲಿಗೆ ಬಿಡುತ್ತದೆ ಹೇಳಿ? ನಾವು ಕುಳಿತ ಕೋಣೆಗೇ! ಮೀನುಗಳು ಊಟಿಯಲ್ಲಿ, ನಾವು ರಾಯಚೂರಿನಲ್ಲಿ. ಕರೆಂಟು ಹೋದಾಗಲೂ ಇನ್ವರ್ಟರು ತೊಟ್ಟಿಯ ಪಂಪಿಗೆ ಮಾತ್ರ, ಫ್ಯಾನಿಗಲ್ಲ. "ಕಾಕಾ, ನಮಗೂ ಒಂದೀಟು ಗಾಳಿ ಬೇಕಲ್ರಿ" ಎಂದರೆ, "ನಿನಗ ಎದ್ದು ಹೊರಗ ಹೋಗಾಕ ಕಾಲದಾವ, ಅವಕ್ಕ ಎಲ್ಲಿ ಅದಾವ?" ಎನ್ನುತ್ತಿದ್ದರು. ನಾನು ನಾರಾಯಣಗೂಡದ ಕಾಲೇಜಿನಲ್ಲಿ ದಿನವೂ ಪಾಠ ಹೇಳುವವಳು, ಮಾತಿಗೆ ಮಾತು ಕೊಡಬಲ್ಲೆ. ಆದರೂ ಎದ್ದು ಹೊರಗೆ ಹೋದೆ.

ಇಷ್ಟೆಲ್ಲ ಸಹಿಸಿದ ಕಾಕುವಿಗೆ ಒಂದೇ ಒಂದು ದೌರ್ಬಲ್ಯ. ಅವರ ಕಣ್ಣೆದುರು ಯಾರೂ ಹಸಿದಿರಕೂಡದು. ಉತ್ತರ ಕರ್ನಾಟಕದ ಮನೆಗಳಲ್ಲಿ "ಬ್ಯಾಡ್ರಿ, ಹೊಟ್ಟಿ ತುಂಬೇತಿ" ಎಂದರೆ ಇನ್ನೊಂದು ರೊಟ್ಟಿ ಬೀಳುತ್ತದೆ ಎಂದೇ ಅರ್ಥ. ಇನ್ನು ಮೀನಿನ ಕಥೆ ಕೇಳಬೇಕೆ? ಕಾಕುವಿನ ಬಳೆಯ ಸದ್ದು ಕೇಳಿದರೆ ಸಾಕು, ಅವು ಗಾಜಿಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. "ನೋಡ್ರಿ ಪಾಪ, ಹಸದಾವ" ಎಂದು ಕಾಕು ಡಬ್ಬಿಯಿಂದ ಒಂದು ಚಿಟಿಕೆ ಮೀನಿನ ಕಾಳು ಉದುರಿಸುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಅವರ ಕೈಯಿಂದಲೂ ಒಂದೊಂದು ಚಿಟಿಕೆ ಹಾಕಿಸುವುದು. ಕಾಕು ಶುದ್ಧ ಸಸ್ಯಾಹಾರಿ. ಕಾಳಿನಲ್ಲಿ ಏನಿದೆ ಎಂದು ಕಾಕಾ ಹೇಳಹೊರಟಾಗ, "ಅದರಾಗ ಏನೈತಿ ಅಂತ ನಾ ಕೇಳಿಲ್ಲ, ನೀವು ಹೇಳಬ್ಯಾಡ್ರಿ" ಎಂದು ಕೈ ತೊಳೆದುಕೊಂಡಿದ್ದರು.

ಈ ಚಿಟಿಕೆಗಳೇ ಕಾಕಾನ ತಲೆನೋವು. ಮೀನು ತಿಂದದ್ದು, ತಿನ್ನದೆ ಬಿಟ್ಟದ್ದು ಎಲ್ಲವೂ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಅವು ಹೆಚ್ಚಾದರೆ ಪಾಚಿ ಬೆಳೆದು ಹವಳದ ಉಸಿರು ಕಟ್ಟಿಸುತ್ತದೆ. ಕಾಕಾ ದಿನವೂ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಗುಲಾಬಿ ಬಣ್ಣ ಎಷ್ಟು ಗಾಢವಾಯಿತೆಂದು ಪಟ್ಟಿಯ ಪಕ್ಕ ಹಿಡಿದು ನೋಡುತ್ತಿದ್ದರು. ನಳಿಕೆ ಕೆಂಪಗಾದ ದಿನ ಅವರೂ ಕೆಂಪಗಾಗುತ್ತಿದ್ದರು. ಹೊಲಸು ಹೀರುವ ಹರಳು ತಂದರು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ ತಂದರು. ಆದರೂ ಕಲ್ಲಿನ ಮೇಲೆ ಪಾಚಿ ಕೂದಲಿನಂತೆ ಬೆಳೆಯಿತು.

ಅಂಥದ್ದೊಂದು ದಿನ ಕಲಬುರಗಿಯಿಂದ ಕಾಕುವಿನ ಅಕ್ಕ ಬಂದಿದ್ದರು. ನಾನೂ ಅಲ್ಲೇ ಇದ್ದೆ. ಕಾಕು ಅಕ್ಕನ ಅಂಗೈಗೆ ಕಾಳು ಸುರಿದು "ಹಾಕಕ್ಕಾ, ನಿನ್ನ ಕೈಲೆ ತಿನ್ನಲಿ" ಎನ್ನುವುದಕ್ಕೂ ಕಾಕಾ ನಳಿಕೆ ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು.

"ನಿನ್ನ ಕೈಯಿಂದ ಇಡೀ ನೀರು ಕೆಟ್ಟೈತಿ" ಎಂದರು ಕಾಕಾ. "ಇನ್ನ ಮ್ಯಾಲ ಈ ಡಬ್ಬಿ ಮುಟ್ಟಬ್ಯಾಡ."

ತವರಿನವರ ಎದುರಿಗೆ! ಅಕ್ಕ ಅಂಗೈಯ ಕಾಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತರು. ಕಾಕು ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಅಡುಗೆ, ಮಾತು ಎಲ್ಲ ಎಂದಿನಂತೆಯೇ ನಡೆಯಿತು. ಆದರೆ ಅಂದಿನಿಂದ ತೊಟ್ಟಿಯ ಕಡೆ ಹೋಗುವುದನ್ನು ಬಿಟ್ಟರು. ಕಸ ಗುಡಿಸುವಾಗಲೂ ಆ ಮೂಲೆಯನ್ನು ಕಾಕಾಗೇ ಬಿಡುತ್ತಿದ್ದರು.

ಇತ್ತ ಮೀನುಗಳಿಗೆ ಕಾಕಾ ತಾವೇ ಕಾಳು ಎಣಿಸಿ ಹಾಕತೊಡಗಿದರು, ನೀರು ಸ್ವಚ್ಛವಾಗುತ್ತಾ ಬಂತು. ಒಂದು ಭಾನುವಾರ ಕಾಕಾ ನಮ್ಮ ಮನೆಗೇ ಪೇಢೆ ತಂದರು. ಯಾರದೋ ಮದುವೆ ಗೊತ್ತಾಯಿತೆಂದು ನಾನು ಅಂದುಕೊಂಡರೆ, "ಸೊನ್ನಿ ಬಂತವಾ" ಎಂದರು. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಸೊನ್ನೆ ಬಂದದ್ದಕ್ಕೆ ಸಿಹಿ ಹಂಚಿದವರನ್ನು ಕಾಲೇಜಿನಲ್ಲಿರುವ ನಾನು ಅದೇ ಮೊದಲು ನೋಡಿದ್ದು.

ಪೇಢೆ ಮುಗಿದ ಸ್ವಲ್ಪ ದಿನಕ್ಕೇ ಸುತ್ತಿಗೆ ಹವಳ ಬಿಳಚತೊಡಗಿತು. ಹಸಿರು ಹೋಗಿ ತೊಳೆದ ಅಕ್ಕಿಯ ಬಣ್ಣ ಬಂತು. ಬೆರಳುಗಳೆಲ್ಲ ಒಳಗೆ ಸೇರಿಕೊಂಡು ಬರೀ ಎಲುಬಿನಂಥ ಗಟ್ಟಿ ಅಂಚು ಕಾಣತೊಡಗಿತು. ಕಾಕಾ ಉಪ್ಪು ಅಳೆದರು, ಶಾಖ ಅಳೆದರು, ಬೆಳಕು ಅಳೆದರು. ಎಲ್ಲವೂ ಸರಿ. ಮುಂಜಾನೆ ಚಹಾ ಆರಿ ತಣ್ಣಗಾಗುತ್ತಿತ್ತು. ಊಟಕ್ಕೆ ಕುಳಿತರೆ ಅರ್ಧ ರೊಟ್ಟಿಗೇ ಏಳುತ್ತಿದ್ದರು. ಹವಳ ಸಾಯುತ್ತಿತ್ತು, ಅದರ ಜೊತೆಗೆ ಕಾಕಾ ಕೂಡ ಇಳಿಯುತ್ತಿದ್ದರು.

ಕೊನೆಗೆ ಅವರೇ ಕಂಡುಹಿಡಿದರು. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ. ಜೀವನವಿಡೀ ಬೇರೆಯವರ ಕೆಲಸವನ್ನು ರಿಜೆಕ್ಟ್ ಮಾಡಿದವರು, ತಮ್ಮದನ್ನೂ ಅಷ್ಟೇ ಸಲೀಸಾಗಿ ಪಕ್ಕಕ್ಕಿಟ್ಟರು. "ನೋಡವಾ, ಸೊನ್ನಿ ಅಂದ್ರ ಸ್ವಚ್ಛ ಅಂತ ತಿಳದಿದ್ದೆ. ಸೊನ್ನಿ ಅಂದ್ರ ಉಪವಾಸ. ಹವಳಕ್ಕೂ ಚೂರು ಹೊಲಸು ಬೇಕು, ಅದರಾಗ ಅದರ ಊಟ ಐತಿ. ಇಷ್ಟು ವರ್ಷ ಅದು ಬೆಳದಿದ್ದು ನನ್ನ ಯಂತ್ರದಿಂದಲ್ಲ, ನಿಮ್ಮ ಕಾಕು ಹಾಕೂ ಚಿಟಿಕಿಯಿಂದ. ತಪ್ಪು ನಂದು."

"ಹಂಗಾದ್ರ ಆ ಚಿಟಿಕಿ ನೀವ ಹಾಕಬಹುದಲ್ರಿ?" ಎಂದೆ.

"ಹಾಕಬಹುದು. ಹವಳ ಉಳೀತೈತಿ" ಎಂದರು ಕಾಕಾ. ಕಾಳಿನ ಡಬ್ಬಿಯನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟು, "ಆಕಿ ಈ ಕಡಿ ಬರೂದಿಲ್ಲಲ್ಲ" ಎಂದರು.

ಮರುದಿನವೇ ಕಲಬುರಗಿಗೆ ಫೋನು ಹೋಯಿತು. ತಪ್ಪು ಯಾರ ಮುಂದೆ ಆಯಿತೋ ಅವರ ಮುಂದೆಯೇ ಸರಿಯಾಗಬೇಕು, ಇಲ್ಲದಿದ್ದರೆ ಅದು ರಿಪೇರಿಯೇ ಅಲ್ಲ ಎನ್ನುವುದು ತಪಾಸಣೆಯವರ ನ್ಯಾಯವಂತೆ. ಕಾಕಾ ತಾವೇ ಸ್ಟೇಷನ್ನಿಗೆ ಹೋಗಿ ಹೆಂಡತಿಯ ಅಕ್ಕನನ್ನು ಕರೆತಂದರು. ಅಂದು ಕೂತಿದ್ದ ಜಾಗದಲ್ಲೇ ಕೂರಿಸಿದರು. ಅಂದು ನಾನು ಎಲ್ಲಿದ್ದೆನೋ ಅಲ್ಲಿ ನನ್ನನ್ನೂ ನಿಲ್ಲಿಸಿದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ ಕಾಕುವನ್ನು ಕರೆದು, ಕಾಳಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಂತರು.

"ಅಕ್ಕಾರ, ಅವತ್ತು ನಿಮ್ಮ ಮುಂದ ಈಕಿಗೆ ಅಂದಿದ್ದು ತಪ್ಪಾತ್ರಿ. ಈಕಿ ಕೈಯಿಂದ ನೀರು ಕೆಟ್ಟಿದ್ದಿಲ್ಲ." ಆಮೇಲೆ ಕಾಕುವಿನ ಕಡೆ ತಿರುಗಿ, "ಒಂದ್ ಚಿಟಿಕಿ ಹಾಕು" ಎಂದರು. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆ ಹವಳ ಮತ್ತೆ ಹಸಿರಾಗಲು ಎಷ್ಟೋ ವಾರಗಳೇ ಹಿಡಿದವು. ಈಗ ಚೆನ್ನಾಗಿದೆ, ನೀವು ಚಿಂತೆ ಮಾಡಬೇಡಿ. ನಾನು ಹೇಳಬೇಕಾದದ್ದು ಆ ಮಧ್ಯಾಹ್ನದ ಮಾತು.

ಕಾಕು ಡಬ್ಬಿ ತೆಗೆದುಕೊಂಡರು. ಆದರೆ ತೆರೆಯಲಿಲ್ಲ. ಗಾಜಿನ ಕಡೆಗೂ ನೋಡಲಿಲ್ಲ. ಗಂಡನ ಇಳಿದುಹೋದ ಮುಖವನ್ನೇ ನೋಡುತ್ತಾ ಕೇಳಿದರು:

"ಮುಂಜಾನಿಂದ ಏನರ ತಿಂದೀರೇನು?"

ಕಾಕು ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ, ಎಣಗಾಯಿ, ಮೊಸರು ಹಾಕಿಕೊಂಡು ಬಂದು ಅವರನ್ನು ಅಲ್ಲೇ, ತೊಟ್ಟಿಯ ಪಕ್ಕದಲ್ಲೇ ಕೂರಿಸಿದರು. ಮೀನುಗಳು ಗಾಜಿಗೆ ಮೂತಿ ಹಚ್ಚಿ ಕಾಯುತ್ತಿದ್ದವು. ಕಾಯಲಿ ಎಂದು ಬಿಟ್ಟರು ಕಾಕು. ಕಾಕಾ ಮೊದಲ ತುತ್ತು ನುಂಗಿದ ಮೇಲೆಯೇ ಅವರು ಡಬ್ಬಿಯ ಮುಚ್ಚಳ ತೆಗೆದರು.